ನೀರಿನ ಬ್ಯಾಂಡ್ ಕೈಕೊಟ್ಟಾಗ: ಅಯಾನಿಕ್ ದ್ರವ ಹರಳಿನ ಸ್ಪೆಕ್ಟ್ರಂನಲ್ಲಿ ದೋಷ ಹುಡುಕುವ ಬಗೆ

ಒಮ್ಮೆ ಎರಡು ವಾರ ನಾನು ತುಂಬಾ ಖುಷಿಯಾಗಿದ್ದೆ. ಸ್ವಲ್ಪ ನೀರು ಹೀರಿದ್ದ ಡೋಡೆಸೈಲ್ ಮೀಥೈಲ್ ಇಮಿಡಜೋಲಿಯಂ ಟೆಟ್ರಾಫ್ಲೋರೋಬೋರೇಟ್ ಎಂಬ ಅಯಾನಿಕ್ ದ್ರವ ಹರಳನ್ನು (ದ್ರವದಂತೆ ಹರಿದರೂ ಒಳಗೆ ಸಾಲು ಜೋಡಣೆ ಉಳಿಸಿಕೊಳ್ಳುವ ಲವಣ) ಜಿಂಕ್ ಸೆಲೆನೈಡ್ ಕಿಟಕಿಗಳ ನಡುವೆ ಹತ್ತು ಮೈಕ್ರಾನ್ ಸ್ಪೇಸರ್ (ಅಂತರ ಕಾಯುವ ತೆಳು ಹಾಳೆ) ಇಟ್ಟು, ಅದು ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆದು ಸ್ಪೆಕ್ಟ್ರಂ ತೆಗೆದಿದ್ದೆ. 3600 ಸೆಂ.ಮೀ.⁻¹ ಬಳಿ ಒಂದು ಉಬ್ಬು, 3270ರ ಬಳಿ ಇನ್ನೊಂದು. ಬಿಸಿ ಮಾಡಿದರೆ ಎರಡೂ ಮೇಲಕ್ಕೆ ಜರುಗುತ್ತಿದ್ದವು. ಮೊದಲನೆಯದು ಪದರಗಳ ನಡುವಿನ ಒಂಟಿ ನೀರು, ಎರಡನೆಯದು ಸರಪಳಿಯಾಗಿ ನಿಂತ ನೀರು ಅಂತ ನೋಟ್‌ಬುಕ್‌ನಲ್ಲಿ ಬರೆದೂ ಆಗಿತ್ತು. ಆಮೇಲೆ ಒಂದು ದಿನ ಸ್ಪೆಕ್ಟ್ರಂನ ಉಳಿದ ಭಾಗವನ್ನೂ ದೊಡ್ಡದು ಮಾಡಿ ನೋಡಿದೆ. 2600ರ ಹತ್ತಿರವೂ ಅದೇ ಉಬ್ಬು. 2270ರ ಹತ್ತಿರ ಮತ್ತೊಂದು. ಅಲ್ಲಿ ಈ ಸ್ಯಾಂಪಲ್‌ಗೆ ಯಾವ ಬ್ಯಾಂಡೂ (ಬೆಳಕು ಹೀರಿದ ಗುರುತಿನ ಉಬ್ಬೂ) ಇರಬಾರದು.

ನೀರಿನ ರಚನೆ ಅಂದುಕೊಂಡದ್ದು ಕಿಟಕಿಗಳ ನಡುವೆ ಬೆಳಕು ಹಿಂದೆ ಮುಂದೆ ಪುಟಿದು ಮೂಡಿಸಿದ ಅಲೆ. ಅದರ ಲೆಕ್ಕ ಕೆಳಗಿದೆ. ಅಂದಿನಿಂದ ನನ್ನ ಪದ್ಧತಿ ಇಷ್ಟೇ: ಹೊಸ ರಚನೆ ಕಂಡ ಕೂಡಲೇ ಮೊದಲು ಗಾಳಿಯನ್ನು ಅನುಮಾನಿಸು, ಆಮೇಲೆ ಸೆಲ್ಲನ್ನು (ಕಿಟಕಿಗಳ ನಡುವೆ ಸ್ಯಾಂಪಲ್ ಹಿಡಿಯುವ ಗೂಡು), ಆಮೇಲೆ ಸ್ಯಾಂಪಲನ್ನು, ಆಮೇಲೆ ನನ್ನದೇ ಲೆಕ್ಕವನ್ನು. ನೀರಿನ ಸರದಿ ಕೊನೆಗೆ. ಇಲ್ಲಿ ಹೇಳುವ ಬ್ಯಾಂಡ್ ಸ್ಥಾನಗಳೆಲ್ಲ ಸೆಂ.ಮೀ.⁻¹ ಲೆಕ್ಕದವು, ಅಂದರೆ ಒಂದು ಸೆಂಟಿಮೀಟರ್‌ನಲ್ಲಿ ಬೆಳಕಿನ ಎಷ್ಟು ತರಂಗ ಹಿಡಿಯುತ್ತವೆ ಅನ್ನುವ ಎಣಿಕೆ.

ಸರಿ ಇದ್ದರೆ ಹೇಗೆ ಕಾಣಬೇಕು

ಒಂಟಿ ನೀರಿನ ಅಣು, ಅಂದರೆ ಆವಿಯಲ್ಲಿರುವುದು, 3756 ಮತ್ತು 3657ರಲ್ಲಿ ಓ-ಎಚ್ ಸ್ಟ್ರೆಚಿಂಗ್ (ಆಮ್ಲಜನಕ-ಹೈಡ್ರೋಜನ್ ಬಂಧ ಹಿಗ್ಗಿ ಕುಗ್ಗುವ ಕಂಪನ) ತೋರಿಸುತ್ತದೆ. ಬೆಂಡಿಂಗ್ (ಅಣು ಬಾಗುವ ಕಂಪನ) 1595ರಲ್ಲಿ. ದ್ರವ ನೀರಿನಲ್ಲಿ ಹೈಡ್ರೋಜನ್ ಬಂಧಗಳು ಓ-ಎಚ್ ಅನ್ನು ಸಡಿಲಿಸುತ್ತವೆ. ಹಾಗಾಗಿ ಸ್ಟ್ರೆಚಿಂಗ್ 3400ರ ಸುತ್ತ ಅಗಲವಾದ ಗುಡ್ಡವಾಗುತ್ತದೆ, ಬೆಂಡಿಂಗ್ 1645ರ ಬಳಿಗೆ ಏರುತ್ತದೆ. 2125ರ ಹತ್ತಿರ ಒಂದು ಚಿಕ್ಕ, ಅಗಲ ಬ್ಯಾಂಡ್ ಕೂಡ ಇರುತ್ತದೆ.

ಅಯಾನಿಕ್ ದ್ರವಗಳಲ್ಲಿ ಎಲ್ಲವೂ ಋಣ ಅಯಾನಿನ ಕೈಯಲ್ಲಿ. ಟೆಟ್ರಾಫ್ಲೋರೋಬೋರೇಟ್‌ನಲ್ಲಿ ನೀರು ಕಮ್ಮಿ ಇದ್ದಾಗ ಒಂದೊಂದು ನೀರಿನ ಅಣು ತನ್ನ ಎರಡು ಹೈಡ್ರೋಜನ್‌ಗಳನ್ನೂ ಎರಡು ಋಣ ಅಯಾನುಗಳತ್ತ ಚಾಚಿ ಕೂರುತ್ತದೆ. ಆಗ 3640 ಮತ್ತು 3560ರ ಹತ್ತಿರ ಎರಡು ಕಿರಿದಾದ ಪೀಕ್‌ಗಳು ಬರುತ್ತವೆ. ಹೆಕ್ಸಾಫ್ಲೋರೋಫಾಸ್ಫೇಟ್ ಇನ್ನೂ ಸಡಿಲವಾಗಿ ಹಿಡಿಯುವುದರಿಂದ ಜೋಡಿ ಇನ್ನೂ ಮೇಲಿರುತ್ತದೆ. ಕ್ಲೋರೈಡ್, ಬ್ರೋಮೈಡ್ ಗಟ್ಟಿಯಾಗಿ ಹಿಡಿಯುತ್ತವೆ. ಅಲ್ಲಿ ಸಿಗುವುದು ಅಗಲವಾದ ಗುಡ್ಡ, ಅದರ ಕೆಳ ಅಂಚು ಇಮಿಡಜೋಲಿಯಂ ಉಂಗುರದ 3050ರಿಂದ 3170ರ ಸಿ-ಎಚ್ ಬ್ಯಾಂಡ್‌ಗಳ ಮೇಲೆ ಬಂದು ಕೂತಿರುತ್ತದೆ.

ಉಂಗುರಕ್ಕೆ ಅಂಟಿದ ಉದ್ದನೆಯ ಆಲ್ಕೈಲ್ ಬಾಲದ (ಇಂಗಾಲದ ಸರಪಳಿಯ) ಬ್ಯಾಂಡ್‌ಗಳನ್ನೂ ನೋಡಿಡಿ. ಬಾಲಗಳು ನೆಟ್ಟಗೆ, ಒತ್ತೊತ್ತಾಗಿ ಇದ್ದರೆ ಸಿಎಚ್₂ ಪೀಕ್‌ಗಳು 2918 ಮತ್ತು 2850ರ ಬಳಿ. ಕರಗಿ ಸೊಟ್ಟಗಾದರೆ 2924 ಮತ್ತು 2854ರ ಬಳಿ. ಸ್ಯಾಂಪಲ್ ಹರಳಾಗಿದೆಯೋ, ಬಾಲ ಸಡಿಲವಾದ ಹಂತಕ್ಕೆ ಬಂದಿದೆಯೋ ಅಂತ ಹೇಳುವ ಪುಕ್ಕಟೆ ಸಾಕ್ಷಿ ಅದು.

ಸೂಜಿಯಂಥ ಪೀಕ್‌ಗಳು

ಇದು ಸುಲಭದ್ದು. 3550ರಿಂದ 3900ರವರೆಗೆ ಸೂಜಿ ಸೂಜಿ, 1400ರಿಂದ 1900ರವರೆಗೂ ಸೂಜಿ ಸೂಜಿ ಇದ್ದರೆ ಅದು ಯಂತ್ರದೊಳಗಿನ ಗಾಳಿಯ ನೀರಾವಿ. ಬ್ಯಾಕ್‌ಗ್ರೌಂಡ್ (ಸ್ಯಾಂಪಲ್ ಇಲ್ಲದ ಅಳತೆ) ತೆಗೆದಾಗ ಇದ್ದದ್ದಕ್ಕಿಂತ ಆವಿ ಜಾಸ್ತಿಯಾದರೆ ಸೂಜಿ ಮೇಲಕ್ಕೆ, ಕಮ್ಮಿಯಾದರೆ ಕೆಳಕ್ಕೆ.

ಕಷ್ಟ ಬರುವುದು ಟೆಟ್ರಾಫ್ಲೋರೋಬೋರೇಟ್‌ನಂಥ ಸ್ಯಾಂಪಲ್‌ಗಳಲ್ಲಿ. ನಿಮ್ಮ ಅಸಲಿ ಪೀಕ್‌ಗಳು ಇರುವುದೂ ಅದೇ ಜಾಗದಲ್ಲಿ. ರೆಸಲ್ಯೂಷನ್ 4 ಸೆಂ.ಮೀ.⁻¹ ಇಟ್ಟು, ಮೇಲೆ ಸ್ಮೂತಿಂಗ್ (ಗೆರೆಯನ್ನು ನುಣುಪು ಮಾಡುವ ಲೆಕ್ಕ) ಬೇರೆ ಹಾಕಿದರೆ ಸೂಜಿಗಳು ಒಂದಕ್ಕೊಂದು ಅಂಟಿ ನಿಜವಾದ ಪೀಕ್‌ನಂತೆಯೇ ಕಾಣುತ್ತವೆ. ಹಾಗಾಗಿ ಸ್ಮೂತಿಂಗ್ ಮುಟ್ಟಲೇಬೇಡಿ. ಒಣ ನೈಟ್ರೋಜನ್ ಹರಿಸಿ, ಬ್ಯಾಕ್‌ಗ್ರೌಂಡ್‌ಗೆ ಎಷ್ಟು ಹೊತ್ತು ಕಾದಿರೋ ಸ್ಯಾಂಪಲ್‌ಗೂ ಅಷ್ಟೇ ಹೊತ್ತು ಕಾಯಿರಿ. ಮುಚ್ಚಳ ತೆರೆದು ಮುಚ್ಚಿದ ತಕ್ಷಣ ಸ್ಕ್ಯಾನ್ ಒತ್ತುವ ಅವಸರವೇ ಇಲ್ಲಿನ ಮುಕ್ಕಾಲು ಪಾಲು ತೊಂದರೆಗೆ ಮೂಲ. ಅನುಮಾನ ಉಳಿದರೆ 1400–1900 ಭಾಗ ನೋಡಿ. ಅಲ್ಲಿ ಸೂಜಿ ಇದ್ದರೆ ಮೇಲೂ ಇದೆ.

ಬ್ಯಾಂಡ್‌ನ ತಲೆ ಚಪ್ಪಟೆ

ಶುದ್ಧ ನೀರು 3400ರ ಬಳಿ ಎಷ್ಟು ಹೀರುತ್ತದೆ ಅನ್ನುವುದು ಹಲವರಿಗೆ ಅಂದಾಜಿರುವುದಿಲ್ಲ. ಹತ್ತು ಮೈಕ್ರಾನ್ ದಪ್ಪಕ್ಕೆ ಅಬ್ಸಾರ್ಬೆನ್ಸ್ (ಹೀರಿಕೆಯ ಅಳತೆ) ಸುಮಾರು 5.5. ಅಂದರೆ ಹತ್ತು ಲಕ್ಷ ಪಾಲು ಬೆಳಕು ಹೋದರೆ ಮೂರೇ ಪಾಲು ಆಚೆ ಬರುತ್ತದೆ. ಡಿಟೆಕ್ಟರ್ ಆಗ ತೋರಿಸುವುದು ಬರೀ ಗದ್ದಲ. ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ, ಮೇಲೆ ಹಲ್ಲು ಹಲ್ಲಾಗಿ ಕಾಣುತ್ತದೆ. ಆ ಹಲ್ಲುಗಳನ್ನು ಪೀಕ್ ಅಂತ ಎಣಿಸಿದವರೂ ಇದ್ದಾರೆ.

ನಾನು 1.2 ದಾಟಿದ ಅಬ್ಸಾರ್ಬೆನ್ಸನ್ನು ಆಕಾರದ ವಾದಕ್ಕೆ ಬಳಸುವುದಿಲ್ಲ. ನೀರು ಜಾಸ್ತಿ ಇರುವ ಜೆಲ್‌ಗಳಿಗೆ ಎಟಿಆರ್ (ಸ್ಯಾಂಪಲನ್ನು ಹರಳೊಂದಕ್ಕೆ ತಾಗಿಸಿ, ಹರಳಿನೊಳಗೆ ಪುಟಿಯುವ ಬೆಳಕಿನಿಂದ ತೆಳು ಪದರವನ್ನಷ್ಟೇ ಅಳೆಯುವ ವಿಧಾನ) ಬಳಸಿ. ಇಲ್ಲವೇ ನಿಯರ್ ಇನ್‌ಫ್ರಾರೆಡ್‌ಗೆ ಹೋಗಿ 5200ರ ಬಳಿಯ ಬ್ಯಾಂಡ್ ನೋಡಿ. ಅಲ್ಲಿ ನೀರು ಎಷ್ಟೋ ಪಟ್ಟು ಕಮ್ಮಿ ಹೀರುತ್ತದೆ, ನೂರು ಮೈಕ್ರಾನ್ ಸ್ಪೇಸರ್ ಹಾಕಿದರೂ ನಡೆಯುತ್ತದೆ. ದಪ್ಪ ಸೆಲ್ ತುಂಬುವುದು ಎಷ್ಟು ನೆಮ್ಮದಿ ಅನ್ನುವುದು ಹತ್ತು ಮೈಕ್ರಾನ್ ಜೊತೆ ಗುದ್ದಾಡಿದವರಿಗೆ ಗೊತ್ತು.

ಸಮ ಅಂತರದ ಉಬ್ಬುಗಳು

ಈಗ ನನ್ನ ಎರಡು ವಾರದ ಕತೆಗೆ ಬರೋಣ. ಎರಡು ಸಮತಲ ಕಿಟಕಿಗಳ ನಡುವೆ ಪುಟಿಯುವ ಬೆಳಕು ಸ್ಪೆಕ್ಟ್ರಂ ಉದ್ದಕ್ಕೂ ಅಲೆ ಮೂಡಿಸುತ್ತದೆ. ಎರಡು ಅಲೆಗಳ ಅಂತರ ಎಷ್ಟು ಅಂತ ತಿಳಿಯಲು ಸ್ಯಾಂಪಲ್‌ನ ವಕ್ರೀಭವನ ಸೂಚ್ಯಂಕವನ್ನು ಸೆಂಟಿಮೀಟರ್‌ನಲ್ಲಿರುವ ದಪ್ಪದಿಂದ ಗುಣಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಿ. ಸೂಚ್ಯಂಕ 1.5, ದಪ್ಪ 0.001 ಸೆಂ.ಮೀ. ಆದರೆ ಅಂತರ 333. ನೀರಿನ ಬ್ಯಾಂಡ್‌ನೊಳಗೆ ಜನ ಹುಡುಕುವ ಒಳ ಉಬ್ಬುಗಳ ಅಂತರವೂ ಹೆಚ್ಚು ಕಮ್ಮಿ ಅಷ್ಟೇ. ಮೋಸ ಹೋಗದೆ ಇನ್ನೇನು!

ಬಿಸಿ ಮಾಡಿದಾಗ ಜರುಗಿದ್ದು ಯಾಕೆ? ಸ್ಮೆಕ್ಟಿಕ್ ಹಂತ (ಅಣುಗಳು ಪದರ ಪದರವಾಗಿ ನಿಂತ ದ್ರವ ಹರಳಿನ ಸ್ಥಿತಿ) ಕರಗಿ ತೆಳುವಾದಾಗ ಸ್ಯಾಂಪಲ್ ಸ್ವಲ್ಪ ಹೊರಗೆ ಹರಿದು ಸೆಲ್ ಇನ್ನಷ್ಟು ಬಿಗಿಯಾಯಿತು. ದಪ್ಪ ನೂರಕ್ಕೆ ಒಂದು ಪಾಲು ಇಳಿದರೆ 3600ರಲ್ಲಿದ್ದ ಅಲೆ 36ರಷ್ಟು ಮೇಲಕ್ಕೆ ಹೋಗುತ್ತದೆ. ಹಂತ ಬದಲಾದ ಉಷ್ಣತೆಯಲ್ಲೇ ಹೋಗುತ್ತದೆ. ಅದಕ್ಕೇ ಅದು ಅಷ್ಟು ನಂಬುವ ಹಾಗಿತ್ತು.

ಪರೀಕ್ಷೆ ಸರಳ. 1900ರಿಂದ 2700ರವರೆಗಿನ ಖಾಲಿ ಜಾಗವನ್ನು ದೊಡ್ಡದು ಮಾಡಿ ನೋಡಿ. 2349ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಇರುತ್ತದೆ, 2125ರಲ್ಲಿ ನೀರಿನ ಚಿಕ್ಕ ಬ್ಯಾಂಡ್ ಇರಬಹುದು. ಅವೆರಡು ಬಿಟ್ಟು ಇನ್ನೇನಾದರೂ ಏರಿಳಿಯುತ್ತಿದ್ದರೆ ಅಲೆ ಇದೆ. ದಪ್ಪ ಬೇರೆ ಇರುವ ಸ್ಪೇಸರ್ ಹಾಕಿ. ನೀರಿನ ಬ್ಯಾಂಡ್ ಇದ್ದಲ್ಲೇ ಇರುತ್ತದೆ, ಅಲೆಯ ಅಂತರ ಬದಲಾಗುತ್ತದೆ.

ಪರಿಹಾರ ಕಿಟಕಿ ಬದಲಿಸುವುದು. ಜಿಂಕ್ ಸೆಲೆನೈಡ್‌ನ ಸೂಚ್ಯಂಕ 2.4, ಸ್ಯಾಂಪಲ್‌ನದ್ದು 1.5ರ ಆಸುಪಾಸು. ಅಷ್ಟು ವ್ಯತ್ಯಾಸ ಇದ್ದರೆ ಬೆಳಕು ಪುಟಿದೇ ಪುಟಿಯುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್‌ನದ್ದು ಸುಮಾರು 1.4. ಅಲೆ ಹೆಚ್ಚು ಕಮ್ಮಿ ಮಾಯ. ಅದು 1100ಕ್ಕಿಂತ ಕೆಳಗೆ ಬೆಳಕು ಬಿಡುವುದಿಲ್ಲ, ಆದರೆ ನೀರಿನ ಕೆಲಸಕ್ಕೆ ಅಷ್ಟು ಕೆಳಗೆ ಹೋಗುವ ಅಗತ್ಯವಿಲ್ಲ. ನನ್ನ ಅದೇ ಸ್ಯಾಂಪಲ್ ಕ್ಯಾಲ್ಸಿಯಂ ಫ್ಲೋರೈಡ್ ನಡುವೆ 3640 ಮತ್ತು 3560 ತೋರಿಸಿ ಸುಮ್ಮನಾಯಿತು. ಪುಸ್ತಕದಲ್ಲಿರುವ ಹಾಗೇ. ನೋಟ್‌ಬುಕ್‌ನ ನಾಲ್ಕು ಪುಟಕ್ಕೆ ಅಡ್ಡಗೆರೆ ಎಳೆದೆ.

ಇವತ್ತು ಒಂದು, ನಾಳೆ ಇನ್ನೊಂದು

ಒಂದೇ ಬಾಟಲಿಯ ಸ್ಯಾಂಪಲ್ ದಿನಕ್ಕೊಂದು ಸ್ಪೆಕ್ಟ್ರಂ ಕೊಟ್ಟರೆ ನೀರು ಎಷ್ಟಿದೆ ಅನ್ನುವುದೇ ನಿಮಗೆ ಗೊತ್ತಿಲ್ಲ ಅಂತ ಅರ್ಥ. ಕ್ಲೋರೈಡ್, ಬ್ರೋಮೈಡ್ ಲವಣಗಳು ಗಾಳಿಯ ತೇವವನ್ನು ಕುಡಿಯುವ ವೇಗ ನೋಡಬೇಕೆಂದರೆ ಒಂದು ಚೂರನ್ನು ಎಟಿಆರ್ ಹರಳಿನ ಮೇಲೆ ತೆರೆದಿಟ್ಟು ನಿಮಿಷಕ್ಕೊಂದು ಸ್ಕ್ಯಾನ್ ತೆಗೆಯಿರಿ. 3400 ಕಣ್ಣೆದುರೇ ಬೆಳೆಯುತ್ತದೆ. ಇದನ್ನು ಹೊಸಬರಿಗೆ ಮೊದಲ ದಿನವೇ ತೋರಿಸುವುದು ಒಳ್ಳೆಯದು, ಆಮೇಲೆ ಬಾಟಲಿ ಮುಚ್ಚುವುದನ್ನು ಯಾರೂ ಮರೆಯುವುದಿಲ್ಲ.

ತೂಕದಲ್ಲಿ ನೂರಕ್ಕೆ ಒಂದು ಪಾಲು ನೀರು ಅಂದರೆ ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಅಣುಗಳ ಲೆಕ್ಕ ಹಾಕಿ. ಡೋಡೆಸೈಲ್ ಮೀಥೈಲ್ ಇಮಿಡಜೋಲಿಯಂ ಬ್ರೋಮೈಡ್‌ನ ಅಣುತೂಕ 331, ನೀರಿನದ್ದು 18. ಹಾಗಾಗಿ ಆ ಒಂದು ಪಾಲು ಅಂದರೆ ಐದಾರು ಅಯಾನು ಜೋಡಿಗೆ ಒಂದು ನೀರು. ಇದೇ ಲವಣ ಒಂದು ನೀರಿನ ಅಣುವನ್ನು ಸೇರಿಸಿಕೊಂಡು ಮಾನೋಹೈಡ್ರೇಟ್ ಆಗಿಯೂ ಹರಳುಗಟ್ಟುತ್ತದೆ. ಅದರಲ್ಲಿ ನೀರು ತೂಕದ ನೂರಕ್ಕೆ 5.2 ಪಾಲು. ನಿಮ್ಮಲ್ಲಿರುವುದು 3 ಪಾಲು ಅಂದರೆ ಹರಳಾಗಿರುವಾಗ ಹೈಡ್ರೇಟ್ ಸ್ವಲ್ಪ, ಒಣ ಲವಣ ಸ್ವಲ್ಪ ಬೆರೆತಿರಬಹುದು. ಕಿರಣ ಯಾವ ಚೂರಿನ ಮೇಲೆ ಬಿತ್ತೋ ಆ ಸ್ಪೆಕ್ಟ್ರಂ ಬರುತ್ತದೆ. ಒಂದೇ ಸ್ಯಾಂಪಲ್‌ನಲ್ಲಿ ನಾಲ್ಕೈದು ಜಾಗ ಅಳೆದು ನೋಡಿ.

ಆದ್ದರಿಂದ ಕಾರ್ಲ್ ಫಿಷರ್ ಟೈಟ್ರೇಷನ್ (ನೀರು ಎಷ್ಟಿದೆ ಅಂತ ಅಳೆಯುವ ರಾಸಾಯನಿಕ ಪರೀಕ್ಷೆ) ಮಾಡದೆ ಸ್ಪೆಕ್ಟ್ರಂ ತೆಗೆಯಬೇಡಿ. ಮುಂಚೆ ಒಮ್ಮೆ, ಸ್ಪೆಕ್ಟ್ರಂ ತೆಗೆದ ಮೇಲೆ ಇನ್ನೊಮ್ಮೆ. ಬರೆಯುವಾಗ ಶೇಕಡಾ ಬೇಡ, ಅಯಾನು ಜೋಡಿಗೆ ಎಷ್ಟು ನೀರು ಅಂತ ಬರೆಯಿರಿ. ಒಣಗಿಸಲು ವ್ಯಾಕ್ಯೂಮ್‌ನಲ್ಲಿ 60–70 ಡಿಗ್ರಿ ಸಾಮಾನ್ಯ. ಒಂದು ಎಚ್ಚರಿಕೆ ಮಾತ್ರ ಇರಲಿ: ಹೆಕ್ಸಾಫ್ಲೋರೋಫಾಸ್ಫೇಟ್ ಮತ್ತು ಟೆಟ್ರಾಫ್ಲೋರೋಬೋರೇಟ್ ಲವಣಗಳನ್ನು ನೀರಿನ ಜೊತೆ ಬಿಸಿ ಮಾಡಿದರೆ ಒಡೆದು ಹೈಡ್ರೋಜನ್ ಫ್ಲೋರೈಡ್ ಬಿಡಬಹುದು. ಅದು ಗಾಜನ್ನೂ ತಿನ್ನುತ್ತದೆ, ಕೈಯನ್ನೂ ಬಿಡುವುದಿಲ್ಲ.

ಎಟಿಆರ್ ಒಂದು ಹೇಳುತ್ತದೆ, ಸೆಲ್ ಇನ್ನೊಂದು

ಎಟಿಆರ್‌ನಲ್ಲಿ ಬೆಳಕು ಸ್ಯಾಂಪಲ್‌ನೊಳಗೆ ಇಳಿಯುವ ಆಳ ತರಂಗದೂರಕ್ಕೆ ತಕ್ಕಂತೆ ಬದಲಾಗುತ್ತದೆ. ವಜ್ರದ ಹರಳು, 45 ಡಿಗ್ರಿ ಕೋನ, ಸ್ಯಾಂಪಲ್ ಸೂಚ್ಯಂಕ 1.5 ಇದ್ದರೆ 1000ರಲ್ಲಿ ಸುಮಾರು 2 ಮೈಕ್ರಾನ್, 3400ರಲ್ಲಿ 0.6 ಮೈಕ್ರಾನ್. ಆದ್ದರಿಂದ ಓ-ಎಚ್ ಬ್ಯಾಂಡ್ ಬೆಂಡಿಂಗ್‌ಗೆ ಹೋಲಿಸಿದರೆ ಸೋತಂತೆ ಕಾಣುತ್ತದೆ. ಗುಡ್ಡದ ಕೆಳ ಅಂಚು ಮೇಲಂಚಿಗಿಂತ ಉಬ್ಬುತ್ತದೆ, ಗುಡ್ಡದ ತುದಿ ಕೆಳಕ್ಕೆ ಜಾರುತ್ತದೆ. ಇದನ್ನು ನೋಡಿ "ಹೈಡ್ರೋಜನ್ ಬಂಧ ಗಟ್ಟಿಯಾಗಿದೆ" ಅಂದುಬಿಡುವುದು ತುಂಬಾ ಸುಲಭ. ಎಟಿಆರ್ ಮತ್ತು ಸೆಲ್ ಸ್ಪೆಕ್ಟ್ರಂಗಳನ್ನು ತಿದ್ದದೆ ಅಕ್ಕಪಕ್ಕ ಇಡಬೇಡಿ. ಜರ್ಮೇನಿಯಂ ಹರಳು ಹಾಕಿದರೆ ಆಕಾರದ ವಕ್ರತೆ ತುಂಬಾ ಇಳಿಯುತ್ತದೆ, ಆದರೆ 3400ರಲ್ಲಿ ಆಳ ಬರೀ 0.2 ಮೈಕ್ರಾನ್. ನೀವು ನೋಡುತ್ತಿರುವುದು ಹರಳಿಗೆ ಅಂಟಿದ ಚರ್ಮ ಮಾತ್ರ. ದ್ರವ ಹರಳಿನಲ್ಲಿ ಆ ಚರ್ಮದ ಜೋಡಣೆ ಒಳಗಿನದಕ್ಕಿಂತ ಬೇರೆ ಇರಲು ಸಾಧ್ಯ.

ವಜ್ರಕ್ಕೆ ತನ್ನದೇ ಹೀರಿಕೆ 1800ರಿಂದ 2300ರವರೆಗೆ ಇದೆ. 2125ರ ನೀರಿನ ಬ್ಯಾಂಡ್ ಅಲ್ಲಿ ಹುಡುಕಬೇಡಿ. ಪುಡಿ ಹರಳಾದರೆ ಒತ್ತಿದರೂ ಸರಿಯಾಗಿ ತಾಗುವುದಿಲ್ಲ. ಕರಗಿಸಿ ಹನಿ ಬಿಟ್ಟು ತಣಿಸಿ.

ಬ್ಯಾಂಡ್‌ಗಳ ಅನುಪಾತ ಸುಮ್ನೆ ಬದಲಾಗುತ್ತದೆ

ದ್ರವ ಹರಳುಗಳಿಗೇ ವಿಶೇಷವಾದ ಕಾಟ ಇದು. ಬೇರೆ ಸ್ಯಾಂಪಲ್ ಅಳೆದು ರೂಢಿಯಾದವರು ಇಲ್ಲಿ ಬೀಳುತ್ತಾರೆ.

ಸ್ಮೆಕ್ಟಿಕ್ ಎ ಹಂತದಲ್ಲಿ ಪದರಗಳು ಕಿಟಕಿಗೆ ಸಮಾಂತರವಾಗಿ ಮಲಗಿವೆ ಅಂದುಕೊಳ್ಳಿ. ಆಗ ಬಾಲಗಳು ಕಿಟಕಿಗೆ ಲಂಬ. ಸಿಎಚ್₂ ಸ್ಟ್ರೆಚಿಂಗ್ ಬಾಲಕ್ಕೆ ಅಡ್ಡಲಾಗಿ ನಡೆಯುವುದರಿಂದ ಅದು ಬೆಳಕಿನ ವಿದ್ಯುತ್ ಕ್ಷೇತ್ರ ಇರುವ ತಳದಲ್ಲೇ ಬೀಳುತ್ತದೆ. ಜೋಡಣೆ ಪೂರ್ತಿ ಸರಿ ಇದ್ದರೆ ಬ್ಯಾಂಡ್ ಚೆಲ್ಲಾಪಿಲ್ಲಿ ದ್ರವಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗುತ್ತದೆ. ಈಗ ಬಿಸಿ ಮಾಡಿ ಹಂತ ಕರಗಿಸಿ. ಒಂದು ಅಣುವೂ ಆಚೆ ಹೋಗಿಲ್ಲ, ಆದರೂ ಸಿಎಚ್₂ ಇಳಿಯುತ್ತದೆ. ದಪ್ಪದ ಅಳತೆಗೋಲು ಅಂತ ನೀವು ಇದೇ ಸಿಎಚ್₂ನಿಂದ ನೀರಿನ ಬ್ಯಾಂಡನ್ನು ಭಾಗಿಸುತ್ತಿದ್ದರೆ "ನೀರು ಏಕಾಏಕಿ ಜಾಸ್ತಿಯಾಯಿತು" ಅಂತ ಫಲಿತಾಂಶ ಬರುತ್ತದೆ.

ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ತಿರುಗಿಸಿ ನೋಡಿದೆ, ಏನೂ ಬದಲಾಗಲಿಲ್ಲ, ಹಾಗಾಗಿ ಜೋಡಣೆ ಇಲ್ಲ ಅನ್ನುವ ಮಾತು ಆಗಾಗ ಕೇಳುತ್ತೇನೆ. ಕಿರಣ ನೇರವಾಗಿ ಬೀಳುವಾಗ ಈ ಜೋಡಣೆ ಪೋಲರೈಸರ್‌ಗೆ ಕಾಣುವುದೇ ಇಲ್ಲ. ಬಾಲಗಳು ನಿಮ್ಮತ್ತಲೇ ನೋಡುತ್ತಿರುತ್ತವೆ, ಸುತ್ತ ಯಾವ ದಿಕ್ಕಾದರೂ ಒಂದೇ. ಸೆಲ್ಲನ್ನು ಕಿರಣಕ್ಕೆ ಓರೆಯಾಗಿ ಇಟ್ಟು, ಆಮೇಲೆ ಎರಡು ಪೋಲರೈಸೇಷನ್‌ಗಳನ್ನು ಹೋಲಿಸಬೇಕು. ಮೈಕ್ರೋಸ್ಕೋಪ್ ಕೂಡ ಇದೇ ಆಟ ಆಡುತ್ತದೆ. ಅಡ್ಡ ಪೋಲರೈಸರ್‌ಗಳ ನಡುವೆ ಕಪ್ಪಗೆ ಕಂಡರೆ ಸ್ಯಾಂಪಲ್ ಕರಗಿದೆ ಅಂದುಕೊಳ್ಳುತ್ತೇವೆ. ಮೇಲಿನ ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿ. ಫಕ್ಕನೆ ಬೆಳಗಿದರೆ ಅದು ಇನ್ನೂ ದ್ರವ ಹರಳೇ.

ಪರಿಹಾರ: ಖಾಲಿ ಸೆಲ್ಲಿನ ಅಲೆಗಳಿಂದ ದಪ್ಪವನ್ನು ನೇರವಾಗಿ ಲೆಕ್ಕ ಹಾಕಿ. ಮೊದಲು ಶತ್ರುವಾಗಿದ್ದ ಅಲೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹತ್ತು ಮೈಕ್ರಾನ್ ಖಾಲಿ ಸೆಲ್ ಆದರೆ ಅಲೆಗಳ ಅಂತರ 500 ಇರಬೇಕು.

ಬಿಸಿ ಮಾಡಿದರೆ ಬ್ಯಾಂಡ್ ಸಣ್ಣದಾಗುತ್ತದೆ

ನೀರು ಹಾರಿಹೋಗಿದೆ. ನೂರಕ್ಕೆ ತೊಂಬತ್ತು ಸಲ ಉತ್ತರ ಇಷ್ಟೇ. ತೆರೆದ ಎಟಿಆರ್ ಮೇಲೆ ಬಿಸಿ ಮಾಡಿದರೆ ಇನ್ನೇನಾಗುತ್ತದೆ? ತಣಿಸಿ, ಆರಂಭದ ಉಷ್ಣತೆಗೆ ಬಂದು, ಮೊದಲ ಸ್ಪೆಕ್ಟ್ರಂ ಮೇಲೆ ಇಟ್ಟು ನೋಡಿ. ವಿಸ್ತೀರ್ಣ ವಾಪಸ್ ಬರದಿದ್ದರೆ ಆ ಇಡೀ ಸರಣಿ ಕಸದ ಬುಟ್ಟಿಗೆ. ಸೀಲ್ ಮಾಡಿದ ಸೆಲ್‌ನಲ್ಲಿ ಮತ್ತೆ ಮಾಡಿ.

ವಾಪಸ್ ಬಂದರೆ ಮುಂದಿನ ಪ್ರಶ್ನೆ. ಬಿಸಿಯಾದಂತೆ ನೀರಿನ ಬ್ಯಾಂಡ್ ಮೇಲಕ್ಕೆ ಜರುಗಿ ಸ್ವಲ್ಪ ಕುಗ್ಗುವುದು ಮಾಮೂಲಿ ನೀರಿಗೂ ಇರುವ ಗುಣ. ದ್ರವ ಹರಳಿನದ್ದೇ ಅಂತ ಹೇಳಬೇಕಾದರೆ ಹಂತ ಬದಲಾಗುವ ಉಷ್ಣತೆಯಲ್ಲಿ ಒಂದು ಜಿಗಿತ ಕಾಣಬೇಕು, ಏರುವಾಗಲೂ ಇಳಿಯುವಾಗಲೂ. ಆ ಉಷ್ಣತೆಯನ್ನು ಅದೇ ನೀರಿನ ಪ್ರಮಾಣದ ಸ್ಯಾಂಪಲ್‌ನಲ್ಲಿ ಗೊತ್ತುಮಾಡಿಕೊಳ್ಳಿ, ಒಣ ಸ್ಯಾಂಪಲ್‌ನದ್ದನ್ನು ಎರವಲು ತರಬೇಡಿ. ನೀರು ಹಂತಗಳನ್ನೇ ಬದಲಿಸುತ್ತದೆ. ಡೆಸೈಲ್ ಮೀಥೈಲ್ ಇಮಿಡಜೋಲಿಯಂ ಬ್ರೋಮೈಡ್ ಒಂಟಿಯಾಗಿ ಹರಿಯುವ ದ್ರವ, ನೀರೂ ದ್ರವ, ಆದರೆ ಹದವಾಗಿ ಬೆರೆಸಿದರೆ ಬಾಟಲಿ ತಲೆಕೆಳಗು ಮಾಡಿದರೂ ಬೀಳದ ಜೆಲ್.

ಕೆಬಿಆರ್ ಬಿಲ್ಲೆ ಬೇಡ

ಕ್ಲೋರೈಡ್ ಲವಣವನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು ಒತ್ತಿದರೆ ಋಣ ಅಯಾನುಗಳು ಅದಲುಬದಲಾಗಬಹುದು. ಬಿಲ್ಲೆ ತಾನೂ ನೀರು ಹೀರುತ್ತದೆ. ನೀರನ್ನೇ ಅಳೆಯುವ ಕೆಲಸಕ್ಕೆ ಇದು ಬೇಡವೇ ಬೇಡ.

ಭಾರಜಲ ಹಾಕಿದ ಮೇಲೆ ಹೊಸ ಪೀಕ್

ಮಾಮೂಲಿ ನೀರಿನ ಬ್ಯಾಂಡ್‌ನಲ್ಲಿ ಎರಡು ಓ-ಎಚ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಅಕ್ಕಪಕ್ಕದ ಅಣುಗಳೊಂದಿಗೂ. ಅದನ್ನು ಬಿಡಿಸಲು ನೀರಿಗೆ ಸ್ವಲ್ಪ ಭಾರಜಲ (ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರು) ಬೆರೆಸುತ್ತಾರೆ. ನೂರಕ್ಕೆ ನಾಲ್ಕು ಪಾಲು ಹಾಕಿದರೆ ಸುಮಾರು 7.7 ಪಾಲು ಎಚ್‌ಓಡಿ (ಒಂದು ಹೈಡ್ರೋಜನ್, ಒಂದು ಡ್ಯೂಟೀರಿಯಂ ಇರುವ ನೀರು) ಆಗುತ್ತದೆ, ಪೂರ್ತಿ ಭಾರಜಲವಾಗಿ ಉಳಿಯುವುದು 0.2 ಪಾಲೂ ಇಲ್ಲ. 2500ರ ಬಳಿ ಒಂಟಿ ಓ-ಡಿ ಬ್ಯಾಂಡ್ ಸಿಗುತ್ತದೆ. ನೀರಿನ ರಚನೆಯ ಬಗ್ಗೆ ಮಾತಾಡಬೇಕಾದರೆ ನಾನು ನಂಬುವುದು ಈ ಬ್ಯಾಂಡನ್ನೇ.

ಆದರೆ 2300ರಿಂದ 2400ರ ನಡುವೆ ಮೆಲ್ಲಗೆ ಬೆಳೆಯುವ ಪೀಕ್ ಕಂಡರೆ ಅದು ನೀರಲ್ಲ. ಇಮಿಡಜೋಲಿಯಂ ಉಂಗುರದಲ್ಲಿ ಎರಡು ನೈಟ್ರೋಜನ್‌ಗಳ ನಡುವಿನ ಹೈಡ್ರೋಜನ್ ಸ್ವಲ್ಪ ಆಮ್ಲೀಯ. ಕ್ಷಾರದ ಅಂಶ ಇದ್ದರೆ, ಬಿಸಿಯಾದರೆ, ಅದು ಡ್ಯೂಟೀರಿಯಂಗೆ ಜಾಗ ಬಿಡುತ್ತದೆ. ಇಂಗಾಲದ ಡೈಆಕ್ಸೈಡ್‌ನ 2349 ಕೂಡ ಅಲ್ಲೇ ಇರುವುದರಿಂದ ಕಣ್ಣು ತಪ್ಪುತ್ತದೆ. ಎರಡನ್ನೂ ಬೇರೆ ಮಾಡಲು ನೈಟ್ರೋಜನ್ ಹರಿಸಿ. ಹೋದರೆ ಗಾಳಿ, ಉಳಿದರೆ ಉಂಗುರ. ಭಾರಜಲದ ಸ್ಯಾಂಪಲ್‌ಗಳನ್ನು ಅವತ್ತೇ ಬೆರೆಸಿ ಅವತ್ತೇ ಅಳೆಯಿರಿ.

ಗಾಸಿಯನ್‌ಗಳು ಬೇಕೆಂದ ಹಾಗೆ ಕುಣಿಯುತ್ತವೆ

3400ರ ಗುಡ್ಡವನ್ನು ಮೂರು ನಾಲ್ಕು ಗಾಸಿಯನ್‌ಗಳಾಗಿ (ಗಂಟೆಯಾಕಾರದ ರೇಖೆಗಳಾಗಿ) ಒಡೆದು ಪ್ರತಿಯೊಂದಕ್ಕೂ ಒಂದೊಂದು ಬಗೆಯ ನೀರಿನ ಹೆಸರಿಡುವುದು ಬಹಳ ಕಡೆ ನಡೆಯುತ್ತದೆ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಬೇಸ್‌ಲೈನನ್ನು ಸ್ವಲ್ಪ ಓರೆ ಮಾಡಿ ಮತ್ತೆ ಫಿಟ್ ಮಾಡಿ. ಶುರುವಿನ ಬೆಲೆಗಳನ್ನು 50ರಷ್ಟು ಆಚೀಚೆ ಮಾಡಿ ಮತ್ತೆ ಫಿಟ್ ಮಾಡಿ. ವಿಸ್ತೀರ್ಣಗಳು ಪ್ರತಿ ಸಲ ಬೇರೆ ಬಂದರೆ ಆ ಅಂಕಿಗಳಿಗೆ ಅರ್ಥವಿಲ್ಲ. ಹ್ಯಾಲೈಡ್ (ಕ್ಲೋರೈಡ್, ಬ್ರೋಮೈಡ್) ಲವಣದಲ್ಲಿ ಉಂಗುರದ ಸಿ-ಎಚ್ ಬ್ಯಾಂಡ್‌ಗಳನ್ನು ಕಳೆಯುವ ಮೊದಲೇ ಫಿಟ್ ಮಾಡಿದರೆ 3200ರ ಕೆಳಗಿನ ಗಾಸಿಯನ್ ನೀರಿನದ್ದೋ ಉಂಗುರದ್ದೋ ಯಾರಿಗೂ ಹೇಳಲಾಗದು. ಕಳೆಯಲು ಒಣ ಸ್ಯಾಂಪಲ್‌ನ ಸ್ಪೆಕ್ಟ್ರಂ ಬಳಸುವಾಗಲೂ ಜಾಗ್ರತೆ. ನೀರು ಬಂದ ಮೇಲೆ ಅದೇ ಸಿ-ಎಚ್ ಬ್ಯಾಂಡ್‌ಗಳು ತಾವೇ ಸ್ವಲ್ಪ ಜರುಗಿರುತ್ತವೆ.

ರಾಮನ್‌ನಲ್ಲಿ ನೀರೇ ಇಲ್ಲ

ರಾಮನ್ ಅಂದರೆ ಲೇಸರ್ ಬೆಳಕು ಸ್ಯಾಂಪಲ್‌ನಲ್ಲಿ ಚದುರಿದಾಗ ಅದರ ತರಂಗದೂರ ಎಷ್ಟು ಬದಲಾಯಿತು ಅಂತ ಅಳೆಯುವ ವಿಧಾನ. ಲೇಸರ್ ಯಾವುದು ನೋಡಿ. 785 ನ್ಯಾನೋಮೀಟರ್ ಲೇಸರ್ ಹಾಕಿದರೆ 3400ರ ಬ್ಯಾಂಡ್ ಬಂದು ಬೀಳುವುದು 1071 ನ್ಯಾನೋಮೀಟರ್‌ನಲ್ಲಿ. ಸಿಲಿಕಾನ್ ಡಿಟೆಕ್ಟರ್ ಅಲ್ಲಿ ಹೆಚ್ಚು ಕಮ್ಮಿ ಕುರುಡು. 532 ಹಾಕಿದರೆ ಅದೇ ಬ್ಯಾಂಡ್ 649ರಲ್ಲಿ ಬೀಳುತ್ತದೆ, ಚೆನ್ನಾಗಿ ಕಾಣುತ್ತದೆ. ಆದರೆ ಸ್ಯಾಂಪಲ್ ಒಂಚೂರು ಹಳದಿ ಇದ್ದರೂ 532ರಲ್ಲಿ ಫ್ಲೋರೆಸೆನ್ಸ್ ಎದ್ದು ಎಲ್ಲವನ್ನೂ ಮುಳುಗಿಸಿಬಿಡುತ್ತದೆ. ಆಗ ಲೇಸರ್ ಬದಲಿಸುತ್ತಾ ಕೂರಬೇಡಿ. ಸ್ಯಾಂಪಲನ್ನು ಇದ್ದಿಲಿನಲ್ಲಿ ತೊಳೆದು, ಮತ್ತೆ ಹರಳುಗಟ್ಟಿಸಿ, ಒಣಗಿಸಿ, ಕಾರ್ಲ್ ಫಿಷರ್‌ನಿಂದ ಮತ್ತೆ ಶುರು ಮಾಡಿ.